ನಾಲ್ಕು ಪಂದ್ಯ ನೋಡಿ ತಂಡವನ್ನು ಅಳೆಯಬಹುದೇ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮೆಚ್ಚಿನ ತಂಡ ಹಿಂದಿನ ವಾರ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತ್ತು. ಈ ವಾರ ನಾಲ್ಕರಲ್ಲಿ ಮೂರು ಸೋತಿದೆ. ಏಳು ದಿನದಲ್ಲಿ ಒಂದು ತಂಡ ಇಷ್ಟೊಂದು ಕೆಡುತ್ತದೆಯೇ? (ಶಿವಮೊಗ್ಗದ ಓದುಗರು)

ಹಾಗೆ ಕೆಡುವುದು ಬಹಳ ಅಪರೂಪ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು, ಆದರೆ 82 ಪಂದ್ಯಗಳ ಋತುವಿನಲ್ಲಿ ನಾಲ್ಕು ಪಂದ್ಯ ಏನೇನೂ ಸಾಲದು. 2024-25ರ ಇಂಡಿಯಾನಾ ಪೇಸರ್ಸ್ ತಂಡವನ್ನೇ ನೋಡಿ. ಮೊದಲ 25 ಪಂದ್ಯಗಳಲ್ಲಿ ಅದು ಗೆದ್ದದ್ದು 10, ಸೋತದ್ದು 15. ಡಿಸೆಂಬರ್‌ನಲ್ಲಿ ಆ ತಂಡದ ಕಥೆ ಮುಗಿಯಿತು ಎಂದವರಿಗೆ ಕೊರತೆ ಇರಲಿಲ್ಲ. ಆದರೆ ಆಂಡ್ರೂ ನೆಂಬಾರ್ಡ್ ಮತ್ತು ಏರನ್ ನೆಸ್ಮಿತ್ ಇಬ್ಬರೂ ಗಾಯಗೊಂಡು ಆ ದಿನಗಳಲ್ಲಿ ಹಲವು ಪಂದ್ಯ ತಪ್ಪಿಸಿಕೊಂಡಿದ್ದರು. ಉಳಿದ 57 ಪಂದ್ಯಗಳಲ್ಲಿ ಪೇಸರ್ಸ್ 40 ಗೆದ್ದು, 50-32ರಲ್ಲಿ ಲೀಗ್ ಹಂತ ಮುಗಿಸಿ, ಫೈನಲ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡವನ್ನು ಏಳನೇ ಪಂದ್ಯದವರೆಗೂ ಎಳೆಯಿತು.

ಒಂದು ವಾರದ ಫಲಿತಾಂಶವನ್ನು ಓದುವಾಗ ಮೊದಲು ನೋಡಬೇಕಾದದ್ದು ವೇಳಾಪಟ್ಟಿ. ಸೋತ ಮೂರರಲ್ಲಿ ಎಷ್ಟು ಪರ ಊರಿನಲ್ಲಿ ನಡೆದವು? ಬ್ಯಾಕ್ ಟು ಬ್ಯಾಕ್, ಅಂದರೆ ಸತತ ಎರಡು ದಿನ ಎರಡು ಪಂದ್ಯ ಇತ್ತೇ? ಎರಡನೆಯದು ಡೆನ್ವರ್‌ನಲ್ಲಿದ್ದರೆ ಇನ್ನೂ ಕಷ್ಟ. ಆ ಊರು ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ. ಹಿಂದಿನ ರಾತ್ರಿ ಕರಾವಳಿಯ ಊರಿನಲ್ಲಿ ಆಡಿ, ನಡುರಾತ್ರಿ ವಿಮಾನ ಹತ್ತಿ ಬಂದ ಆಟಗಾರರ ಕಾಲು ನಾಲ್ಕನೇ ಕ್ವಾರ್ಟರ್‌ನಲ್ಲಿ ಸೋಲುತ್ತದೆ. ಅದು ಶಾಟ್‌ನಲ್ಲಿ ಕಾಣುತ್ತದೆ. ಚೆಂಡು ರಿಮ್‌ನ, ಅಂದರೆ ಬುಟ್ಟಿಯ ಬಳೆಯ, ಮುಂಭಾಗಕ್ಕೆ ಬಡಿದು ಹಿಂದಕ್ಕೆ ಬರತೊಡಗಿದರೆ, ಕಾಲಿನಲ್ಲಿ ಕಸುವು ಉಳಿದಿಲ್ಲ ಎಂದೇ ಕೋಚ್‌ಗಳು ಓದಿಕೊಳ್ಳುತ್ತಾರೆ.

ಆಮೇಲೆ ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ಪಡೆಯುವ ಶಾಟ್. ವಾರದ ಸೋಲು-ಗೆಲುವನ್ನು ಇದರಷ್ಟು ಅಲುಗಾಡಿಸುವುದು ಬೇರೆ ಯಾವುದೂ ಇಲ್ಲ. ಈಗ ಒಂದು ತಂಡ ಪಂದ್ಯಕ್ಕೆ ಸುಮಾರು 37 ತ್ರೀ ಎಸೆಯುತ್ತದೆ, ಅದರಲ್ಲಿ ನೂರಕ್ಕೆ 36ರಷ್ಟು ಒಳಗೆ ಬೀಳುತ್ತವೆ. ಸರಾಸರಿ ತೆಗೆದರೆ ಪಂದ್ಯಕ್ಕೆ 13. ಆದರೆ ಅದೇ ಆಟಗಾರರು, ಅದೇ ಥರದ ಎಸೆತಗಳು, ಅಷ್ಟೇ ಕೌಶಲ ಇದ್ದರೂ ಬರೀ ಅದೃಷ್ಟದ ಏರಿಳಿತದಿಂದಲೇ ಒಂದು ರಾತ್ರಿ 10, ಇನ್ನೊಂದು ರಾತ್ರಿ 16 ಬೀಳುವುದು ತೀರಾ ಸಾಮಾನ್ಯ. ಆರು ತ್ರೀ ಅಂದರೆ 18 ಅಂಕ! ನಿಮ್ಮ ತಂಡಕ್ಕೆ 10 ಬಿದ್ದು ಎದುರಾಳಿಗೆ 16 ಬಿದ್ದ ರಾತ್ರಿ ಉಳಿದದ್ದೆಲ್ಲ ಸರಿಯಾಗಿ ಆಡಿದರೂ ಗೆಲ್ಲುವುದು ಕಷ್ಟ. ರಕ್ಷಣೆ ಚೆನ್ನಾಗಿದ್ದರೆ ಎದುರಾಳಿ ಎಷ್ಟು ತ್ರೀ ಎಸೆಯಬೇಕು, ಎಲ್ಲಿಂದ ಎಸೆಯಬೇಕು ಎಂಬುದನ್ನು ಹಿಡಿತದಲ್ಲಿಡಬಹುದು. ಎಸೆದ ಮೇಲೆ ಚೆಂಡು ಬೀಳುತ್ತದೋ ಇಲ್ಲವೋ ಎಂಬುದರ ಮೇಲೆ ಅದಕ್ಕಿರುವ ಹಿಡಿತ ಬಹಳ ಕಡಿಮೆ. ಹಾಗಾಗಿ ಎದುರಾಳಿಯ ತ್ರೀ ಶೇಕಡಾವಾರು ಒಂದು ವಾರ ಏರಿದ್ದನ್ನು ನೋಡಿ ರಕ್ಷಣೆ ಕುಸಿಯಿತು ಎಂದು ತೀರ್ಪು ಕೊಡಬೇಡಿ. ಮೂಲೆಯಿಂದ ಎಸೆದ ತ್ರೀಗಳ ಸಂಖ್ಯೆ ಏರಿದ್ದರೆ ಮಾತ್ರ ಚಿಂತಿಸಿ. ಉಳಿದ ಕಡೆ ಆ ಗೆರೆ ಬುಟ್ಟಿಯಿಂದ 7.24 ಮೀಟರ್ ದೂರವಿದ್ದರೆ ಮೂಲೆಯಲ್ಲಿ 6.7 ಮೀಟರ್ ಮಾತ್ರ. ಅಲ್ಲಿ ಎದುರಾಳಿ ಬಿಡುವಾಗಿ ಸಿಗುತ್ತಿದ್ದಾನೆ ಅಂದರೆ ನೆರವಿಗೆ ಒಳಗೆ ಹೋದ ಆಟಗಾರ ಹಿಂದಿರುಗುವುದು ತಡವಾಗುತ್ತಿದೆ ಎಂದರ್ಥ.

ನಿಜವಾಗಿ ಎಚ್ಚರಿಸುವ ಅಂಕಿಗಳು ಟರ್ನೋವರ್ (ಶಾಟ್ ಎಸೆಯುವ ಮೊದಲೇ ಚೆಂಡು ಕಳೆದುಕೊಳ್ಳುವುದು) ಮತ್ತು ರಕ್ಷಣಾ ರೀಬೌಂಡ್ (ಎದುರಾಳಿಯ ಗುರಿತಪ್ಪಿದ ಶಾಟ್‌ನ ಚೆಂಡನ್ನು ಹಿಡಿಯುವುದು). ಇವು ಅದೃಷ್ಟಕ್ಕಿಂತ ಅಭ್ಯಾಸದ ಕೂಸುಗಳು. ಮೂರೂ ಸೋಲಿನಲ್ಲಿ ಚೆಂಡು ಕಳೆದುಕೊಂಡದ್ದು 13ರಿಂದ 18ಕ್ಕೆ ಏರಿದ್ದರೆ ಏನೋ ತಪ್ಪಿದೆ. ಆಟ ಕಟ್ಟುವ ಪಾಯಿಂಟ್ ಗಾರ್ಡ್ ಗಾಯಗೊಂಡಿರಬಹುದು, ಇಲ್ಲವೇ ಎದುರಾಳಿಗಳು ಪಿಕ್ ಅಂಡ್ ರೋಲ್ (ಜೊತೆಗಾರ ಅಡ್ಡನಿಂತು ಕಾವಲುಗಾರನನ್ನು ತಡೆದು, ಆಮೇಲೆ ಬುಟ್ಟಿಯತ್ತ ತಿರುಗುವ ತಂತ್ರ) ಆದ ಕೂಡಲೇ ಇಬ್ಬರನ್ನು ಚೆಂಡಿನ ಮೇಲೆ ಬಿಡುವುದನ್ನು ಕಲಿತಿರಬಹುದು.

ಪ್ರಶ್ನೆ: ಬಾಕ್ಸ್ ಸ್ಕೋರ್‌ನಲ್ಲಿ (ಪಂದ್ಯದ ಅಂಕಿಅಂಶಗಳ ಪಟ್ಟಿ) ಸೋತ ತಂಡದ ಶೂಟಿಂಗ್ ಶೇಕಡಾವಾರು ಗೆದ್ದ ತಂಡಕ್ಕಿಂತ ಹೆಚ್ಚಿತ್ತು. ಹೇಗೆ ಸಾಧ್ಯ? ತಂಡದ ಆಟವನ್ನು ಸರಿಯಾಗಿ ಲೆಕ್ಕ ಹಾಕುವ ಕ್ರಮ ತಿಳಿಸಿ. (ಮೈಸೂರಿನ ಕಾಲೇಜು ವಿದ್ಯಾರ್ಥಿನಿ)

ಕಾಗದ, ಪೆನ್ನು ತೆಗೆದುಕೊಳ್ಳಿ. ಅಭ್ಯಾಸಕ್ಕೆಂದು ನಾವೇ ಕಟ್ಟಿದ ಒಂದು ಪಂದ್ಯವಿದು. ಕೆಂಪು ತಂಡ 88 ಶಾಟ್ ಎಸೆದು 41 ಹಾಕಿತು, ಅದರಲ್ಲಿ 16 ತ್ರೀ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಒಂದಂಕದ ಎಸೆತ) 22ಕ್ಕೆ 18. ಒಟ್ಟು 116. ನೀಲಿ ತಂಡ 86 ಎಸೆದು 43 ಹಾಕಿತು, ಅದರಲ್ಲಿ 9 ತ್ರೀ. ಫ್ರೀ ಥ್ರೋ 24ಕ್ಕೆ 18. ಒಟ್ಟು 113.

ಶೂಟಿಂಗ್ ಶೇಕಡಾವಾರು ನೋಡಿದರೆ ನೀಲಿ 50, ಕೆಂಪು 46.6. ಆದರೂ ಗೆದ್ದದ್ದು ಕೆಂಪು. ಶೇಕಡಾವಾರು ಎರಡಂಕದ ಬುಟ್ಟಿಯನ್ನೂ ಮೂರಂಕದ ಬುಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಗೊಂದಲ ಹುಟ್ಟುವುದು ಅಲ್ಲೇ. ಅದಕ್ಕೆ ಪರಿಹಾರ ಎಫೆಕ್ಟಿವ್ ಶೂಟಿಂಗ್: ಒಳಬಿದ್ದ ಒಟ್ಟು ಶಾಟ್‌ಗಳಿಗೆ, ಒಳಬಿದ್ದ ತ್ರೀಗಳ ಅರ್ಧವನ್ನು ಕೂಡಿಸಿ, ಎಸೆದ ಶಾಟ್‌ಗಳಿಂದ ಭಾಗಿಸಿ. ಕೆಂಪಿಗೆ 41 + 8 = 49, ಅದನ್ನು 88ರಿಂದ ಭಾಗಿಸಿದರೆ 55.7. ನೀಲಿಗೆ 43 + 4.5 = 47.5, ಅದನ್ನು 86ರಿಂದ ಭಾಗಿಸಿದರೆ 55.2. ಮೂರೂವರೆ ಹಿಂದಿದ್ದ ಕೆಂಪು ಈಗ ಅರ್ಧದಷ್ಟು ಮುಂದಿದೆ.

ಇನ್ನು ಪೊಸೆಷನ್, ಅಂದರೆ ತಂಡಕ್ಕೆ ಚೆಂಡು ಸಿಕ್ಕ ಸರದಿಗಳು. ಬಾಕ್ಸ್ ಸ್ಕೋರ್‌ನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಹೀಗೆ ಅಂದಾಜು ಮಾಡಬೇಕು: ಎಸೆದ ಶಾಟ್ + 0.44 × ಎಸೆದ ಫ್ರೀ ಥ್ರೋ − ದಾಳಿ ರೀಬೌಂಡ್ + ಟರ್ನೋವರ್. ದಾಳಿ ರೀಬೌಂಡ್ ಅಂದರೆ ತನ್ನದೇ ತಂಡದ ಗುರಿತಪ್ಪಿದ ಶಾಟ್‌ನ ಚೆಂಡನ್ನು ಮತ್ತೆ ಹಿಡಿಯುವುದು. ಕೆಂಪು ತಂಡಕ್ಕೆ 10 ದಾಳಿ ರೀಬೌಂಡ್, 13 ಟರ್ನೋವರ್ ಎಂದಿಟ್ಟುಕೊಂಡರೆ 88 + 9.68 − 10 + 13 = 100.68. ನೀಲಿಗೆ 8 ದಾಳಿ ರೀಬೌಂಡ್, 12 ಟರ್ನೋವರ್ ಇದ್ದರೆ 86 + 10.56 − 8 + 12 = 100.56. ಎರಡೂ ಹತ್ತಿರ ಹತ್ತಿರ ಬಂದವಲ್ಲ, ಬರಲೇಬೇಕು. ಚೆಂಡು ಒಬ್ಬರ ಕೈಯಿಂದ ಹೋದರೆ ಇನ್ನೊಬ್ಬರ ಕೈಗೇ ಹೋಗುವುದು. ಎರಡರ ನಡುವೆ ನಾಲ್ಕೈದರ ಅಂತರ ಬಂದರೆ ನಿಮ್ಮ ಲೆಕ್ಕದಲ್ಲೇ ತಪ್ಪಿದೆ. ಹೆಚ್ಚಿನವರು ಎಡವುವುದು ಟರ್ನೋವರ್‌ನಲ್ಲಿ. 24 ಸೆಕೆಂಡಿನೊಳಗೆ ಶಾಟ್ ಎಸೆಯದ ಉಲ್ಲಂಘನೆಯಂಥ ತಪ್ಪು ಯಾವ ಆಟಗಾರನ ಹೆಸರಿಗೂ ಬರುವುದಿಲ್ಲ, ತಂಡದ ಲೆಕ್ಕಕ್ಕೆ ಮಾತ್ರ ಸೇರುತ್ತದೆ. ಆಟಗಾರರ ಸಾಲನ್ನು ಕೂಡಿಸಿದರೆ ಅದು ಬಿಟ್ಟುಹೋಗುತ್ತದೆ. ತಂಡದ ಒಟ್ಟು ಸಾಲನ್ನೇ ತೆಗೆದುಕೊಳ್ಳಿ.

0.44 ಏಕೆ ಎಂದು ಕೇಳುವವರುಂಟು. ಎಲ್ಲ ಫ್ರೀ ಥ್ರೋಗಳೂ ಎರಡೆರಡಾಗಿಯೇ ಬರುವುದಿದ್ದರೆ 0.5 ಸರಿಹೋಗುತ್ತಿತ್ತು. ಬುಟ್ಟಿ ಬಿದ್ದು ಜೊತೆಗೆ ಫೌಲ್ ಆದಾಗ ಒಂದೇ ಎಸೆತ, ಆ ಸರದಿಯನ್ನು ಶಾಟ್‌ನ ಲೆಕ್ಕದಲ್ಲಿ ಈಗಾಗಲೇ ಎಣಿಸಿರುತ್ತೇವೆ. ಅಶಿಸ್ತಿನಂಥ ತಪ್ಪಿಗೆ ಕೊಡುವ ಟೆಕ್ನಿಕಲ್ ಫೌಲ್‌ನ ಎಸೆತದಿಂದ ಸರದಿ ಮುಗಿಯುವುದೇ ಇಲ್ಲ. ತ್ರೀ ಎಸೆಯುವಾಗ ಫೌಲ್ ಆದರೆ ಒಂದು ಸರದಿಗೆ ಮೂರು ಎಸೆತ. ಇವೆಲ್ಲ ಸೇರಿ ಅರ್ಧಕ್ಕಿಂತ ತುಸು ಕೆಳಗೆ ಇಳಿಯುತ್ತದೆ.

ಕೊನೆಯ ಹೆಜ್ಜೆ: ಅಂಕವನ್ನು ಪೊಸೆಷನ್‌ಗಳ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಕೆಂಪಿಗೆ 115.3, ನೀಲಿಗೆ 112.3. ನೂರು ಸರದಿಗೆ ಕೆಂಪು ತಂಡ 3 ಅಂಕ ಮುಂದೆ. ಇದೇ ನೆಟ್ ರೇಟಿಂಗ್. ತಂಡಗಳನ್ನು ಹೋಲಿಸಲು ಪಂದ್ಯದ ಸರಾಸರಿ ಅಂಕಕ್ಕಿಂತ ಇದು ಎಷ್ಟೋ ಮೇಲು. ಓಡಿ ಓಡಿ ಆಡುವ ತಂಡ 120 ಅಂಕ ಬಿಟ್ಟುಕೊಟ್ಟರೂ ಅದರ ರಕ್ಷಣೆ ಕೆಟ್ಟದ್ದೆಂದು ಹೇಳಲಾಗದು, ಎದುರಾಳಿಗೆ ಸರದಿಗಳೇ ಹೆಚ್ಚು ಸಿಕ್ಕಿರುತ್ತವೆ.

ಈ ಲೆಕ್ಕಗಳ ಜಾಡು ಹಾಕಿಕೊಟ್ಟವರಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಪ್ರಮುಖರು. ಅವರು ಗುರುತಿಸಿದ ನಾಲ್ಕು ಅಂಶಗಳಲ್ಲಿ ಶೂಟಿಂಗ್‌ಗೆ ನೂರಕ್ಕೆ 40ರಷ್ಟು ತೂಕ, ಟರ್ನೋವರ್‌ಗೆ 25, ರೀಬೌಂಡ್‌ಗೆ 20, ಫ್ರೀ ಥ್ರೋಗೆ 15. ವಾರದ ಕೊನೆಗೆ ಈ ನಾಲ್ಕನ್ನು ನಿಮ್ಮ ತಂಡಕ್ಕೂ ಎದುರಾಳಿಗಳಿಗೂ ಬರೆದಿಡಿ. ಐದಾರು ವಾರ ಕಳೆದ ಮೇಲೆ ತಂಡದ ನಿಜವಾದ ಮುಖ ಕಾಣತೊಡಗುತ್ತದೆ.

ಪ್ರಶ್ನೆ: ಪಟ್ಟಿಯಲ್ಲಿ ಗೆಲುವು-ಸೋಲು ಇರುವಾಗ ಅಂಕಗಳ ಅಂತರ ಏಕೆ ನೋಡಬೇಕು? ಗೆಲುವು ಗೆಲುವೇ ಅಲ್ಲವೇ?

ಪಟ್ಟಿಯಲ್ಲಿನ ಸ್ಥಾನಕ್ಕೆ ಗೆಲುವೇ ಮುಖ್ಯ, ಸಂದೇಹವಿಲ್ಲ. ಮುಂದೆ ಏನಾಗಬಹುದು ಎಂದು ಊಹಿಸಲು ಅಂತರ ಹೆಚ್ಚು ನಂಬಿಕಸ್ಥ. ಒಂದೆರಡು ಅಂಕದಲ್ಲಿ ಗೆದ್ದ ಪಂದ್ಯ ಕೊನೆಯ ಒಂದು ಶಾಟ್ ಅತ್ತಿತ್ತಾದರೆ ಸೋಲಾಗುತ್ತಿತ್ತು. ಕೊನೆಯ ಐದು ನಿಮಿಷದಲ್ಲಿ ಐದು ಅಂಕದೊಳಗಿನ ಅಂತರವಿದ್ದರೆ ಅದನ್ನು ಲೀಗ್ ಕ್ಲಚ್ ಆಟವೆಂದು ಎಣಿಸುತ್ತದೆ. ಅಂಥ ಪಂದ್ಯಗಳಲ್ಲಿ ಈ ವರ್ಷ ಮಿಂಚಿದ ತಂಡ ಮುಂದಿನ ವರ್ಷ ಮುಗ್ಗರಿಸುವುದು ಮಾಮೂಲು.

1995-96ರ ಶಿಕಾಗೊ ಬುಲ್ಸ್ 72 ಗೆದ್ದಿತು, 2015-16ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ 73. ಅಂತರದಲ್ಲಿ ಬುಲ್ಸ್ ಮೇಲು: ಪಂದ್ಯಕ್ಕೆ ಸರಾಸರಿ 12.2, ವಾರಿಯರ್ಸ್‌ದು 10.8. ಬುಲ್ಸ್ ಚಾಂಪಿಯನ್ ಆಯಿತು, ವಾರಿಯರ್ಸ್ ಫೈನಲ್‌ನಲ್ಲಿ 3-1ರ ಮುನ್ನಡೆ ಕೈಬಿಟ್ಟು ಕ್ಲೀವ್‌ಲ್ಯಾಂಡ್‌ಗೆ ಸೋತಿತು. ಆ ಸೋಲಿಗೆ ಅಂತರವೊಂದೇ ಕಾರಣವೆಂದು ಹೇಳಲಾರೆ, ಆದರೆ 73ರ ಹೊಳಪಿಗೆ ಕಣ್ಣು ಕುಕ್ಕಬಾರದು. 2024-25ರಲ್ಲಿ ಥಂಡರ್ 68 ಪಂದ್ಯ ಗೆದ್ದಾಗ ಅದರ ಅಂತರ 12.9. ಲಾಸ್ ಏಂಜಲೀಸ್ ಲೇಕರ್ಸ್ 1971-72ರಲ್ಲಿ ಬರೆದಿದ್ದ 12.3ರ ದಾಖಲೆ ಅಲ್ಲಿಗೆ ಮುರಿಯಿತು. ಆ ಋತುವಿನ ಪ್ರಶಸ್ತಿಯೂ ಥಂಡರ್‌ಗೇ ಬಂತು.

ಕೈಲೆಕ್ಕಕ್ಕೆ ಒಂದು ಸೂತ್ರ: 82ರ ಅರ್ಧವಾದ 41 ಗೆಲುವಿನಿಂದ ಶುರುಮಾಡಿ, ಸರಾಸರಿ ಅಂತರದ ಪ್ರತಿ ಅಂಕಕ್ಕೂ ಸುಮಾರು ಎರಡೂವರೆ ಗೆಲುವು ಸೇರಿಸಿ. ಅಂತರ 4 ಇದ್ದರೆ 51ರ ಆಸುಪಾಸು. ಅಂತರ ಹತ್ತನ್ನು ದಾಟಿದ ಮೇಲೆ ಈ ಸೂತ್ರ ಅಷ್ಟಾಗಿ ಹೊಂದುವುದಿಲ್ಲ, ಇರುವ ಪಂದ್ಯಗಳೇ 82.

ಪ್ರಶ್ನೆ: ನನ್ನ ನೆಚ್ಚಿನ ಆಟಗಾರ 30 ಅಂಕ ಹೊಡೆದ, ಪ್ಲಸ್-ಮೈನಸ್ ಮಾತ್ರ −12. ಕೆಟ್ಟದಾಗಿ ಆಡಿದನೇ?

ಪ್ಲಸ್-ಮೈನಸ್ ಅಂದರೆ ಆಟಗಾರ ಅಂಗಳದಲ್ಲಿದ್ದಾಗ ಎರಡು ತಂಡಗಳು ಗಳಿಸಿದ ಅಂಕಗಳ ಅಂತರ. ಒಂದೇ ಪಂದ್ಯದ ಪ್ಲಸ್-ಮೈನಸ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ಆತ ಅಂಗಳದಲ್ಲಿದ್ದ ನಿಮಿಷಗಳಲ್ಲಿ ಎರಡೂ ತಂಡಗಳ ಹತ್ತೂ ಮಂದಿ ಮಾಡಿದ್ದೆಲ್ಲ ಆ ಅಂಕಿಯೊಳಗೆ ಸೇರಿರುತ್ತದೆ. ಆತ ಬೆಂಚಿನ ಮೂವರ ಜೊತೆ ಆಡುತ್ತಿದ್ದಾಗ ಎದುರಾಳಿ ಎರಡು ನಿಮಿಷದಲ್ಲಿ ನಾಲ್ಕು ತ್ರೀ ಹಾಕಿದರೆ ಅಲ್ಲಿಗೆ −12 ಆಯಿತು, ಆ ನಾಲ್ಕರಲ್ಲಿ ಒಂದನ್ನೂ ಆತ ಕಾಯುತ್ತಿರಲಿಲ್ಲ ಎಂದರೂ ಸರಿ. ನೂರಾರು ನಿಮಿಷ ಸೇರಿದ ಮೇಲೆ, ಆತ ಅಂಗಳದಲ್ಲಿರುವಾಗ ತಂಡ ಹೇಗಿದೆ, ಬೆಂಚಿನಲ್ಲಿ ಕೂತಾಗ ಹೇಗಿದೆ ಎಂದು ಹೋಲಿಸಿ. ಡೆನ್ವರ್‌ನ ನಿಕೊಲಾ ಯೋಕಿಚ್ ಕೂತ ಕೂಡಲೇ ತಂಡ ಸೊರಗುವುದು ವರ್ಷಗಳಿಂದ ಈ ಹೋಲಿಕೆಯಲ್ಲಿ ಎದ್ದು ಕಾಣುತ್ತಿದೆ.

ಪ್ರಶ್ನೆ: ತಂಡಕ್ಕೆ ಒಬ್ಬ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಬೇಕೆಂದು ಎಲ್ಲರಿಗೂ ಗೊತ್ತು. ಮಾಲೀಕರ ಬಳಿ ಹಣವೂ ಇದೆ. ಏಕೆ ತರುವುದಿಲ್ಲ? (ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು)

ಮಾಲೀಕರ ಹಣಕ್ಕಿಂತ ಇಲ್ಲಿ ಅಡ್ಡಬರುವುದು ತಂಡದ ಒಟ್ಟು ಸಂಬಳಕ್ಕೆ ಲೀಗ್ ಎಳೆದ ಏಪ್ರನ್ ಎಂಬ ಗೆರೆ. 2025-26ರಲ್ಲಿ ಸಂಬಳದ ಮಿತಿ ಸುಮಾರು 15.46 ಕೋಟಿ ಡಾಲರ್. ಅದನ್ನು ದಾಟಲು ಕೆಲವು ವಿನಾಯಿತಿಗಳಿವೆ. 18.79 ಕೋಟಿ ದಾಟಿದರೆ ಲಕ್ಷುರಿ ಟ್ಯಾಕ್ಸ್ ಎಂಬ ಹೆಚ್ಚುವರಿ ತೆರಿಗೆ, 19.59 ಕೋಟಿಗೆ ಮೊದಲ ಏಪ್ರನ್, 20.78 ಕೋಟಿಗೆ ಎರಡನೇ ಏಪ್ರನ್. ಮೊದಲ ಏಪ್ರನ್ ದಾಟಿದ ತಂಡ ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ಆಟಗಾರರ ವಿನಿಮಯದಲ್ಲಿ, ಕಳುಹಿಸಿದ್ದಕ್ಕಿಂತ ಹೆಚ್ಚು ಸಂಬಳವನ್ನು ತರಿಸಿಕೊಳ್ಳುವಂತಿಲ್ಲ. ಎರಡನೆಯದನ್ನು ದಾಟಿದರೆ ಇಬ್ಬರ ಸಂಬಳವನ್ನು ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವ ದಾರಿಯೂ ಮುಚ್ಚಿತು, ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನು (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಹಕ್ಕು) ಮಾರುವಂತಿಲ್ಲ. 2024ರ ಚಾಂಪಿಯನ್ ಬಾಸ್ಟನ್ ಸೆಲ್ಟಿಕ್ಸ್ 2025ರ ಬೇಸಿಗೆಯಲ್ಲಿ ಜ್ರೂ ಹಾಲಿಡೇ ಅವರನ್ನು ಪೋರ್ಟ್‌ಲ್ಯಾಂಡ್‌ಗೂ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅವರನ್ನು ಅಟ್ಲಾಂಟಾಕ್ಕೂ ಬಿಟ್ಟುಕೊಟ್ಟದ್ದು ಎರಡನೇ ಏಪ್ರನ್‌ನ ಕೆಳಗೆ ಇಳಿಯಲು. ನಿಮ್ಮ ತಂಡ ಯಾವ ಗೆರೆಯ ಮೇಲಿದೆ ಎಂದು ಮೊದಲು ನೋಡಿಕೊಳ್ಳಿ. ಟ್ರೇಡ್ ವದಂತಿಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಬಿದ್ದುಹೋಗುತ್ತವೆ.

ಪ್ರಶ್ನೆ: ಗಾಯದ ಪಟ್ಟಿಯಲ್ಲಿ ಕ್ವೆಶ್ಚನಬಲ್, ಡೌಟ್‌ಫುಲ್ ಎಂದರೇನು?

ಪ್ರಾಬಬಲ್ ಅಂದರೆ ಆಡುವ ಸಾಧ್ಯತೆ ನೂರಕ್ಕೆ 75, ಕ್ವೆಶ್ಚನಬಲ್ ಅಂದರೆ 50, ಡೌಟ್‌ಫುಲ್ ಅಂದರೆ 25. ಔಟ್ ಅಂದರೆ ಇಲ್ಲ. ಬ್ಯಾಕ್ ಟು ಬ್ಯಾಕ್‌ನ ಎರಡನೇ ದಿನ ವಯಸ್ಸಾದ ಆಟಗಾರರ ಹೆಸರು ಈ ಪಟ್ಟಿಯಲ್ಲಿ ಹೆಚ್ಚು ಕಾಣುತ್ತದೆ. ಜೊತೆಗೆ 2023-24ರಿಂದ ಋತುವಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿಯಂಥ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮ ಬಂದಿದೆ. ಹಾಗಾಗಿ ಮಾರ್ಚ್ ಹೊತ್ತಿಗೆ ತಾರಾ ಆಟಗಾರ ಎಷ್ಟು ಪಂದ್ಯ ತಪ್ಪಿಸಿಕೊಂಡಿದ್ದಾನೆ ಎಂದು ಎಣಿಸಿಡಿ. 17 ದಾಟಿದರೆ ಆತ ಪೈಪೋಟಿಯಿಂದ ಹೊರಗೆ.

ಪ್ರಶ್ನೆ: ಪಂದ್ಯ ನೋಡಲು ಎದ್ದರೆ ಒಮ್ಮೆ ಐದಕ್ಕೆ ಶುರು, ಒಮ್ಮೆ ಆರಕ್ಕೆ. ಏಕೆ? (ಹುಬ್ಬಳ್ಳಿ)

ಅಮೆರಿಕದಲ್ಲಿ ಗಡಿಯಾರವನ್ನು ವರ್ಷಕ್ಕೆ ಎರಡು ಸಲ ತಿರುಗಿಸುತ್ತಾರೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಉಳಿದ ದಿನ ಒಂಬತ್ತೂವರೆ ಗಂಟೆ. ಅಲ್ಲಿ ರಾತ್ರಿ 7.30ರ ಪಂದ್ಯ ಚಳಿಗಾಲದಲ್ಲಿ ನಮಗೆ ಮರುದಿನ ಬೆಳಿಗ್ಗೆ 6ಕ್ಕೆ, ಅಕ್ಟೋಬರ್‌ನಲ್ಲೂ ಪ್ಲೇಆಫ್ ದಿನಗಳಲ್ಲೂ 5ಕ್ಕೆ. ಲಾಸ್ ಏಂಜಲೀಸ್ ಇನ್ನೂ ಮೂರು ಗಂಟೆ ಹಿಂದೆ, ಅಲ್ಲಿನ ಸಂಜೆ 7.30ರ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 9ಕ್ಕೆ. ಶಾಲೆ, ಆಫೀಸು ಇರುವವರು ಭಾನುವಾರ ಬೆಳಿಗ್ಗೆಗೆ ಬೀಳುವ ಶನಿವಾರದ ಪಂದ್ಯಗಳನ್ನು ಆರಿಸಿಕೊಳ್ಳಿ. ಉಳಿದವುಗಳ ಬಾಕ್ಸ್ ಸ್ಕೋರ್ ಸಂಜೆ ಮನೆಗೆ ಬಂದ ಮೇಲೂ ಸಿಗುತ್ತದೆ.