ಟಿಟಿ ಬುಕ್ ಮಾಡುವ ಮೊದಲು ಮಾವನ ಹತ್ತಿರ ಕೂತು ಮಾತಾಡಿ

ಪ್ರಶ್ನೆ: ನನಗೆ 33 ವರ್ಷ. ಶಿವಮೊಗ್ಗದಲ್ಲಿ ಅತ್ತೆ, ಮಾವ, ಗಂಡನ ಜೊತೆ ಇದ್ದೇನೆ. ಮಗಳಿಗೆ 7, ಮಗನಿಗೆ 3 ವರ್ಷ. ಪ್ರತಿ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಭಾವನ ಸಂಸಾರ, ಹುಬ್ಬಳ್ಳಿಯಿಂದ ನಾದಿನಿಯ ಸಂಸಾರ ಬರುತ್ತದೆ. 13 ಜನ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಮೂರು ದಿನ ಸುತ್ತುವುದು ನಮ್ಮ ಮನೆಯ ಪದ್ಧತಿ. ಹೋದ ವರ್ಷ ಶೃಂಗೇರಿ, ಹೊರನಾಡು, ಆಗುಂಬೆ, ಉಡುಪಿ, ಕೊಲ್ಲೂರು, ಜೋಗ ಎಲ್ಲ ಆಯಿತು. ಮಗನಿಗೆ ಮೂರು ದಿನವೂ ವಾಂತಿ. ಹಿರಿಯರು ಮುಂದೆ ಕೂರುವುದರಿಂದ ನಮಗೆ ಯಾವಾಗಲೂ ಕೊನೆಯ ಸೀಟು. ಯಾರೋ ದೊಡ್ಡವರ ವಾಂತಿ ಮಾತ್ರೆಯನ್ನು ಅರ್ಧ ಮುರಿದು ಕುಡಿಸಿದರು. ಮಗು ಐದು ಗಂಟೆ ಹೊತ್ತು ಎಬ್ಬಿಸಿದರೂ ಕಣ್ಣು ಬಿಡಲಿಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು. ಉಳಿದವರು ದೇವಸ್ಥಾನ, ಬೀಚು ನೋಡುವಾಗ ನಾನು ಲಾಡ್ಜಿನ ಬಾತ್‌ರೂಮಿನಲ್ಲಿ ಬಟ್ಟೆ ಒಗೆಯುತ್ತಿದ್ದೆ.

ಈ ವರ್ಷ ಪಟ್ಟಿಗೆ ಸಿಗಂದೂರು ಸೇರಿದೆ. ಸೇತುವೆ ಆಯಿತಲ್ಲ, ಲಾಂಚ್‌ಗೆ ಕಾಯುವ ಹೊತ್ತು ಉಳಿಯಿತು ಅನ್ನುತ್ತಾರೆ ಭಾವ. ಗಂಡನ ಹತ್ತಿರ ಹೇಳಿದರೆ ‘ಮೂರು ದಿನ ತಾನೆ, ಹೊಂದಿಕೊಂಡು ಹೋಗು’ ಅನ್ನುತ್ತಾರೆ. ಅತ್ತೆ ‘ನಾವೇನು ಮಕ್ಕಳನ್ನ ಸಾಕಲಿಲ್ವಾ’ ಅನ್ನುತ್ತಾರೆ. ಮಾವನಿಗೆ 74. ಹೋದ ಸಲ ಕಾಲು ಊದಿಸಿಕೊಂಡು ಬಂದರು, ಆದರೂ ಮೊಮ್ಮಕ್ಕಳೆಲ್ಲ ಒಟ್ಟಿಗೆ ಸೇರುವುದು ವರ್ಷಕ್ಕೆ ಇದೊಂದೇ ಸಲ ಅನ್ನುತ್ತಾರೆ. ಮಗಳನ್ನು ಕೇಳಿದರೆ ಅವಳಿಗೆ ಜೋಗವೂ ನೆನಪಿಲ್ಲ, ಉಡುಪಿಯೂ ನೆನಪಿಲ್ಲ. ಮಂಡಗದ್ದೆ ದಾಟಿದ ಮೇಲೆ ಟೈರ್ ಪಂಕ್ಚರ್ ಆಗಿ ಒಂದು ಗಂಟೆ ಕಾದೆವಲ್ಲ, ಆಗ ಅಜ್ಜ ತೆಂಗಿನ ಗರಿಯಲ್ಲಿ ಪೀಪಿ ಮಾಡಿಕೊಟ್ಟದ್ದನ್ನೇ ಹೇಳುತ್ತಾಳೆ. ಇದಕ್ಕಾಗಿ ಅಷ್ಟು ದುಡ್ಡು ಸುರಿಯಬೇಕಿತ್ತಾ? ಈ ಸಲ ಬರುವುದಿಲ್ಲ ಅಂದರೆ ಮನೆ ಒಡೆಯುವ ಸೊಸೆ ಅನ್ನಿಸಿಕೊಳ್ಳುತ್ತೇನೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಆ ಅರ್ಧ ಮಾತ್ರೆಯ ಸಾಲಿಗೆ ಬಂದಾಗ ಎದೆ ಝಲ್ಲೆಂದಿತು. ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ದೊಡ್ಡವರ ಮಾತ್ರೆಯನ್ನು ಮುರಿದರೆ ಅದು ಮಕ್ಕಳ ಮಾತ್ರೆ ಆಗುವುದಿಲ್ಲ. ಮಗುವಿನ ವಯಸ್ಸು, ತೂಕ ನೋಡಿಯೇ ಔಷಧಿಯ ಅಳತೆ ಹಾಕಬೇಕು. ಕೆಲವು ಔಷಧಿಗಳನ್ನು ಪುಟ್ಟ ಮಕ್ಕಳಿಗೆ ಕೊಡಲೇಬಾರದು. ಔಷಧಿ ಕುಡಿದ ಮಗು ಎಬ್ಬಿಸಿದರೂ ಏಳದಿದ್ದರೆ, ‘ಪಾಪ, ಸುಸ್ತಾಗಿದೆ, ಮಲಗಲಿ’ ಎಂದು ಬಿಡದೆ ಗಾಡಿಯನ್ನು ನೇರ ಆಸ್ಪತ್ರೆಗೆ ತಿರುಗಿಸಬೇಕು. ನಿಮ್ಮ ಹೆದರಿಕೆ ನೂರಕ್ಕೆ ನೂರು ಸರಿಯಿತ್ತು. ಈ ಸಲ ಎಲ್ಲಿಗೇ ಹೋಗಿ, ಮೊದಲೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ ‘ಪ್ರಯಾಣದಲ್ಲಿ ವಾಂತಿಯಾಗುತ್ತದೆ’ ಎಂದು ಹೇಳಿ ಬರೆಸಿಕೊಂಡು ಬನ್ನಿ. ಬೇರೆ ಯಾರ ಕೈಯಿಂದಲೂ ಮಗುವಿಗೆ ಔಷಧಿ ಬೇಡ. ಇದರಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ.

ಎರಡನೇ ಸಲ ಓದುವಾಗ ಪೀಪಿಯ ಹತ್ತಿರ ನಿಂತುಬಿಟ್ಟೆ. ನೀವು ಅದನ್ನು ದುಡ್ಡು ದಂಡವಾದದ್ದಕ್ಕೆ ಸಾಕ್ಷಿಯಾಗಿ ಬರೆದಿದ್ದೀರಿ. ನನಗೆ ನಿಮ್ಮ ಇಡೀ ಕಾಗದದಲ್ಲಿ ಬೆಳಕು ಕಂಡದ್ದು ಅಲ್ಲೇ. 74 ವರ್ಷದ ಒಬ್ಬ ಅಜ್ಜ ರಸ್ತೆ ಬದಿಯಲ್ಲಿ ಕೂತು, ಗರಿಯ ಕಡ್ಡಿ ಸೀಳಿ ತೆಗೆದು, ಎಲೆಯನ್ನು ಓರೆಯಾಗಿ ಸುತ್ತುತ್ತಾ ಹೋಗಿ, ಬಿಚ್ಚಿಕೊಳ್ಳದ ಹಾಗೆ ಕಡ್ಡಿ ಚುಚ್ಚಿ, ಬಾಯಿಯ ಕಡೆಗೆ ಸಣ್ಣ ತುಂಡು ಸಿಕ್ಕಿಸಿ, ತಾವು ಒಂದು ಸಲ ಊದಿ ನೋಡಿ ಮೊಮ್ಮಗಳ ಕೈಗೆ ಕೊಟ್ಟಿದ್ದಾರೆ. ಸುತ್ತ ಮೊಮ್ಮಕ್ಕಳೆಲ್ಲ ‘ನಂಗೆ, ನಂಗೆ’ ಎಂದು ಮುತ್ತಿಕೊಂಡಿರಬೇಕು. ಮೊಮ್ಮಕ್ಕಳು ಒಟ್ಟಿಗೆ ಸೇರಬೇಕು ಎಂದು ನಿಮ್ಮ ಮಾವ ಆಸೆಪಡುವುದು ಇದಕ್ಕೇ ಅಲ್ಲವೇ? ಮೂರು ದಿನ, ಐನೂರಕ್ಕೂ ಹೆಚ್ಚು ಕಿಲೋಮೀಟರು ಸುತ್ತಿದ್ದರಲ್ಲಿ ಅವರಿಗೆ ಅದು ಸಿಕ್ಕಿದ್ದು ಗಾಡಿ ಕೆಟ್ಟು ನಿಂತ ಆ ಒಂದು ಗಂಟೆ. ನಿಮ್ಮ ಮಗಳಿಗೂ ಅದೇ ಸಿಕ್ಕಿದೆ. ಬಹುಶಃ ಮಗನೂ ಆ ಒಂದು ಗಂಟೆ ವಾಂತಿ ಮಾಡಿಕೊಂಡಿರಲಿಕ್ಕಿಲ್ಲ.

ಹಾಗಾಗಿ ನೀವು ಮತ್ತು ಮಾವ ಎದುರು ಬದುರು ನಿಂತವರು ಎಂದು ನನಗೆ ಅನಿಸುವುದೇ ಇಲ್ಲ. ಇಬ್ಬರಿಗೂ ಬೇಕಾದ್ದು ಒಂದೇ. ನಡುವೆ ನಿಂತಿರುವುದು ಊರುಗಳ ಪಟ್ಟಿ. ಇಷ್ಟು ದಿನ ನೀವು ಗಂಡನಿಗೆ ಹೇಳಿದ್ದೀರಿ, ಗಂಡ ಅತ್ತೆಗೆ ಹೇಳಿದ್ದಾರೆ, ಅತ್ತೆಯ ಮಾತು ತಿರುಗಿ ನಿಮಗೆ ಬಂದಿದೆ. ಮಾವನಿಗೆ ಮುಟ್ಟುವ ಹೊತ್ತಿಗೆ ಅದು ‘ಸೊಸೆಗೆ ಬರಲಿಕ್ಕೆ ಇಷ್ಟವಿಲ್ಲವಂತೆ’ ಎಂದಾಗಿರುತ್ತದೆ. ನೀವೇ ನೇರವಾಗಿ ಮಾತಾಡಿ. ಟಿಟಿಗೆ ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿ. ಹೊರಡುವ ಹಿಂದಿನ ರಾತ್ರಿ ಹೇಳಿದರೆ ಎಂಥ ನ್ಯಾಯದ ಮಾತೂ ತಕರಾರಾಗಿಯೇ ಕೇಳಿಸುತ್ತದೆ. ‘ನಾನು ಬರುವುದಿಲ್ಲ’ ಎಂದು ಶುರು ಮಾಡಬೇಡಿ. ‘ಮಾವ, ಈ ಸಲ ಮಕ್ಕಳು ನಿಮ್ಮ ಜೊತೆ ಇನ್ನೂ ಹೆಚ್ಚು ಹೊತ್ತು ಇರುವ ಹಾಗೆ ಮಾಡೋಣವಾ’ ಎಂದು ಕೇಳಿ. ಊದಿದ ಕಾಲಿನ ವಿಷಯ ಅವರೇ ತೆಗೆದರೂ ತೆಗೆದಾರು.

ಏನು ಮಾಡೋಣ ಎಂದು ಅವರು ಕೇಳುತ್ತಾರೆ, ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ನನಗೆ ತೋಚಿದ್ದು ಹೇಳುತ್ತೇನೆ. ರಾತ್ರಿ ಮಲಗುವುದು ನಿಮ್ಮ ಮನೆಯಲ್ಲೇ ಆಗಲಿ. ಬೆಂಗಳೂರಿನವರು, ಹುಬ್ಬಳ್ಳಿಯವರು ಮಲೆನಾಡು ನೋಡಲು ಎಲ್ಲೆಲ್ಲಿಗೋ ಹೋಗುತ್ತಾರೆ, ನೀವು ಅದರ ಬಾಗಿಲಲ್ಲೇ ಇದ್ದೀರಿ. ಒಂದು ದಿನ ಬೆಳಗ್ಗೆ ಬೇಗ ತಿಂಡಿ ಕಟ್ಟಿಕೊಂಡು ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿಗೆ ಹೋಗಿ. ಸುಮಾರು 14 ಕಿ.ಮೀ. ಅಷ್ಟೇ, ಮಗನಿಗೆ ಹೊಟ್ಟೆ ತೊಳಸುವ ಮೊದಲೇ ತಲುಪಿರುತ್ತೀರಿ. ಎಂಟೂವರೆಯ ಹೊತ್ತಿಗೆ ಅಲ್ಲಿದ್ದರೆ ಗಾಜನೂರು ಹಿನ್ನೀರಿನಲ್ಲಿ ಆನೆಗಳ ಸ್ನಾನ ನೋಡಬಹುದು. ಮಾವುತರು ಉಜ್ಜುತ್ತಿದ್ದರೆ ಅಷ್ಟು ದೊಡ್ಡ ಪ್ರಾಣಿ ಮಗುವಿನ ಹಾಗೆ ಮಗ್ಗುಲು ಬದಲಿಸಿ ನೀರಲ್ಲಿ ಒರಗುತ್ತದೆ. ಮೂರು ವರ್ಷದ ಮಗುವಿಗೆ ಅದು ಯಾವ ಜಲಪಾತಕ್ಕಿಂತ ಕಡಿಮೆ? ಮಧ್ಯಾಹ್ನ ಹೋದರೆ ಆನೆಗಳು ಕಾಡಿಗೆ ಹೋಗಿರುತ್ತವೆ, ಹಾಗಾಗಿ ಬೆಳಗ್ಗೆಯೇ ಹೋಗಬೇಕು. ಬಿಸಿಲೇರುವ ಮುಂಚೆ ಮನೆಗೆ ಬಂದು ಊಟ, ನಿದ್ದೆ. ಸಂಜೆ ಮಕ್ಕಳು ಅಜ್ಜನ ಪಾಲು.

ಇನ್ನೊಂದು ದಿನ ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುದ್ದೆ. ಅಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಮಂಡಕ್ಕಿ ಎಸೆದರೆ ಕಾಲ ಬುಡಕ್ಕೇ ಬರುತ್ತವೆ. ಮತ್ತೊಂದು ದಿನ ಬೇಕಿದ್ದರೆ ತಾಳಗುಪ್ಪದ ರೈಲು ಹತ್ತಿ ಸಾಗರಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಇಕ್ಕೇರಿ. ರೈಲಿನಲ್ಲಿ ಮಗು ಎದ್ದು ಓಡಾಡಬಹುದು, ಘಾಟಿಯ ತಿರುವುಗಳೂ ಇಲ್ಲ. ಐದು ವರ್ಷದೊಳಗಿನವರಿಗೆ ಟಿಕೆಟ್ಟೂ ಇಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಅಂಗಳದಲ್ಲಿ ಮಕ್ಕಳು ದಣಿಯುವ ತನಕ ಓಡಲಿ, ಮಾವ ಕಲ್ಲುಕಟ್ಟೆಯ ನೆರಳಲ್ಲಿ ಕೂತಿರಲಿ. ಹೊರನಾಡು, ಸಿಗಂದೂರು ನೋಡಲೇಬೇಕು ಎನ್ನುವವರು ಚಿಬ್ಬಲಗುದ್ದೆಯಿಂದ ಟಿಟಿಯಲ್ಲಿ ಮುಂದಕ್ಕೆ ಹೋಗಲಿ. ಹರಕೆ ಇದ್ದವರನ್ನು ತಡೆಯಬಾರದು. ನೀವು ಮಕ್ಕಳನ್ನು ಕರೆದುಕೊಂಡು ತೀರ್ಥಹಳ್ಳಿಯಲ್ಲಿ ಬಸ್ ಹತ್ತಿ ಊರಿಗೆ ಬನ್ನಿ. ಸರ್ಕಾರಿ ಬಸ್ ಸಿಕ್ಕಿದರೆ ಆಧಾರ್ ತೋರಿಸಿದರೆ ಸಾಕು. ಮಾವ ನಿಮ್ಮ ಜೊತೆ ಇಳಿದರೂ ನನಗೆ ಆಶ್ಚರ್ಯವಿಲ್ಲ.

ಮೇ ತಿಂಗಳ ಜೋಗವನ್ನಂತೂ ಬಿಟ್ಟುಬಿಡಿ. ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಹಿಡಿದು ನಿಲ್ಲಿಸಿರುವಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕರಲ್ಲೂ ಕಾಣುವುದು ಬಂಡೆ ಮತ್ತು ನೀರಿನ ಗೆರೆ. ಮಳೆ ಹಿಡಿದ ಮೇಲೆ ಜುಲೈ, ಆಗಸ್ಟ್‌ನಲ್ಲಿ ಒಂದು ಭಾನುವಾರ ನೀವು ನಾಲ್ಕೇ ಜನ ಹೋಗಿಬನ್ನಿ. ಸಿಗಂದೂರಿನ ಸೇತುವೆಯ ಬಗ್ಗೆ ನಿಮ್ಮ ಭಾವ ಹೇಳಿದ ಮಾತು ಮಾತ್ರ ನನ್ನನ್ನು ಕೊರೆಯುತ್ತಿದೆ. 2025ರ ಜುಲೈನಲ್ಲಿ ಆ ಸೇತುವೆ ಆದದ್ದು ತುಮರಿ ಕಡೆಯ ಜನರ ಎಷ್ಟೋ ವರ್ಷಗಳ ಸಂಕಟ ಕಳೆಯಲಿಕ್ಕೆ. ಆಸ್ಪತ್ರೆಗೆ, ಕಾಲೇಜಿಗೆ ಲಾಂಚ್ ಕಾಯುತ್ತಿದ್ದವರು ಅವರು. ಪ್ರವಾಸ ಹೋಗುವ ನಮಗೆ ಉಳಿದ ಆ ಒಂದು ಗಂಟೆಯನ್ನು ಮಕ್ಕಳಿಗೆ ಕೊಡಬಹುದು, ಇನ್ನೊಂದು ಊರಿಗೇ ಕೊಡಬೇಕೆಂದೇನಿಲ್ಲ.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ಆಗುಂಬೆಯ ಸೂರ್ಯಾಸ್ತಕ್ಕೆ ಹೊರಟಿದ್ದೆವು. ದಾರಿಯಲ್ಲಿ ಟೀ ಕುಡಿಯಲು ನಿಂತಲ್ಲಿ ಅವನು ಕೆಂಪಿರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಇರುವೆಗಳು ಸತ್ತ ಜೀರುಂಡೆಯೊಂದನ್ನು ಎಳೆದುಕೊಂಡು ಹೋಗುತ್ತಿದ್ದವು. ಹೊತ್ತಾಯಿತು ಎಂದು ಕರೆದೆ, ಏಳಲಿಲ್ಲ. ರಟ್ಟೆ ಹಿಡಿದು ಎಳೆದೆ, ಬೆನ್ನಿಗೊಂದು ಕೊಟ್ಟೆ. ಅವನು ಬಿಕ್ಕುತ್ತಲೇ ಆಗುಂಬೆ ತಲುಪಿದ. ಪಶ್ಚಿಮದ ತುಂಬ ಮೋಡ, ಸೂರ್ಯ ಎಲ್ಲಿ ಮುಳುಗಿದನೋ ಕಾಣಲೇ ಇಲ್ಲ. ಮಗನಿಗೆ ಈಗ ಅದು ನೆನಪಿಲ್ಲ. ನನಗೆ ಆ ಪುಟ್ಟ ಬೆನ್ನು ಇವತ್ತಿಗೂ ಅಂಗೈಗೆ ತಾಗುತ್ತದೆ.

ಗಂಡನ ವಿಷಯ. ‘ಹೊಂದಿಕೊಂಡು ಹೋಗು’ ಅನ್ನುವವರಿಗೆ ಕೊನೆಯ ಸೀಟು ಹೇಗಿರುತ್ತದೆ ಎಂದು ಗೊತ್ತಿರುವುದಿಲ್ಲ. ಹಿಂದಿನ ಚಕ್ರದಿಂದಾಚೆ ಕೂತವರಿಗೆ ಗಾಡಿ ಎತ್ತಿ ಒಗೆಯುವುದು ಜಾಸ್ತಿ. ಒಳಗಿವಿ ‘ದೇಹ ತಿರುಗುತ್ತಿದೆ’ ಅನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಇಲ್ಲ’ ಅನ್ನುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ತೊಂದರೆ ಹೆಚ್ಚು. ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸಿದರೆ ಇನ್ನೂ ಹೆಚ್ಚು. ಈ ಸಲ ಸೀಟು ಹಂಚುವಾಗ ಮಗುವಿಗೆ ಡ್ರೈವರ್ ಹಿಂದಿನ ಸಾಲು ಬೇಕು, ದೂರದ ರಸ್ತೆ ಕಾಣಬೇಕು, ಕಿಟಕಿಯ ಗಾಳಿ ಬೇಕು. ಹೊರಡುವ ಮುಂಚೆ ಪೂರಿ, ಬೋಂಡ ಬೇಡ, ಖಾಲಿ ಹೊಟ್ಟೆಯೂ ಬೇಡ, ಒಂದು ಇಡ್ಲಿ ಸಾಕು. ಮಗು ಅಪ್ಪನ ಪಕ್ಕ ಕೂರಲಿ. ಸಿಟ್ಟಿನಿಂದಲ್ಲ, ಸಮಾಧಾನದಿಂದ ಹೇಳಿ: ‘ಪ್ರಯಾಣದಲ್ಲಿ ಚಿಕ್ಕವನ ಊಟ, ಬಟ್ಟೆ, ವಾಂತಿ ಈ ಸಲ ನಿಮ್ಮದು. ದೊಡ್ಡವಳು ನನ್ನ ಜೊತೆ.’ ಟವೆಲ್ಲು, ಕವರು, ಬದಲಿ ಬಟ್ಟೆಯ ಚೀಲ ಅವರ ಹೆಗಲಿಗಿರಲಿ. ಒಂದು ದಿನ ಆ ಚೀಲ ಹೊತ್ತ ಅಪ್ಪ ಎರಡನೇ ದಿನಕ್ಕೆ ತಾನಾಗಿಯೇ ಪಟ್ಟಿಯಿಂದ ಊರುಗಳನ್ನು ಹೊಡೆದುಹಾಕುತ್ತಾನೆ, ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ವಾಂತಿ ಆಗಿಯೇ ಆದರೆ ಓಆರ್‌ಎಸ್ ಕೊಡಿ. ದೊಡ್ಡ ಪ್ಯಾಕೆಟ್ ಇಡಿಯಾಗಿ 1 ಲೀಟರ್ ನೀರಿಗೆ, ಅಂದಾಜಿಗೆ ಚಿಟಿಕೆ ಹಾಕಬಾರದು. ಚಮಚ ಚಮಚವಾಗಿ ಕುಡಿಸಿ. ಆರೇಳು ಗಂಟೆ ಮೂತ್ರವೇ ಆಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಮಲೆನಾಡಿನವರಾದ ನಿಮಗೆ ಮಂಗನ ಕಾಯಿಲೆ ಗೊತ್ತಿರುತ್ತದೆ, ನೆಂಟರಿಗೆ ಗೊತ್ತಿರಲಿಕ್ಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗು ಕಚ್ಚಿ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ, ಮಕ್ಕಳ ಬೇಸಿಗೆ ರಜೆಯೂ ಅದರೊಳಗೇ ಬರುತ್ತದೆ. ರಸ್ತೆ ಬದಿಯ ತೆಂಗಿನ ಮರದ ಕೆಳಗೆ ಪೀಪಿ ಊದುವುದಕ್ಕೆ ಅಡ್ಡಿಯಿಲ್ಲ. ಕಾಡಿನೊಳಗೆ ದರಗಿನ ಮೇಲೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಬೇಡಿ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಸಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಮೀಯಿಸಿ, ಕಿವಿಯ ಹಿಂದೆ, ಕಂಕುಳು, ತೊಡೆಸಂದಿ ನೋಡಿ. ಹೋಗಿ ಬಂದ ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆವು’ ಎಂದು ಕೇಳುವ ಮೊದಲೇ ಹೇಳಿ. ಬೆಂಗಳೂರಿಗೆ, ಹುಬ್ಬಳ್ಳಿಗೆ ಹೊರಟವರಿಗೂ ಇದನ್ನು ಹೇಳಿ ಕಳಿಸಿ.

ಹೊಳೆಯ ಬಗ್ಗೆ ಒಂದೇ ಮಾತು. ಬೇಸಿಗೆಯ ತುಂಗೆ ಮೇಲೆ ಸಣ್ಣಗೆ ಕಾಣುತ್ತಾಳೆ, ಬಂಡೆಗಳ ನಡುವೆ ಆಳದ ಗುಂಡಿಗಳು ಹಾಗೇ ಇರುತ್ತವೆ. ಅಷ್ಟು ಮಕ್ಕಳಿಗೆ ‘ಎಲ್ಲರೂ ನೋಡುತ್ತಿದ್ದಾರೆ’ ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ನೀರಿನ ಹತ್ತಿರ ಯಾವ ಮಗು ಯಾರ ಕೈಯಲ್ಲಿ ಎಂದು ಗಾಡಿಯಿಂದ ಇಳಿಯುವ ಮೊದಲೇ ಹೆಸರಿಟ್ಟು ಹೇಳಿ.

ಅತ್ತೆ ‘ನಾವೇನು ಸಾಕಲಿಲ್ವಾ’ ಎಂದದ್ದನ್ನು ಚುಚ್ಚುಮಾತಾಗಿ ಇಟ್ಟುಕೊಳ್ಳಬೇಡಿ. ಅವರ ಕಾಲದಲ್ಲಿ ಎಳೆಮಕ್ಕಳನ್ನು ಕಟ್ಟಿಕೊಂಡು ಅವರನ್ನು ಯಾರು ಎಲ್ಲಿಗೆ ಕರೆದುಕೊಂಡು ಹೋಗಿದ್ದರು, ಒಮ್ಮೆ ಕೇಳಿ ನೋಡಿ. ಎಲ್ಲಿಗೂ ಇಲ್ಲ ಎಂಬ ಉತ್ತರ ಬರಬಹುದು. ಹಾಗಿದ್ದರೆ ಈ ಮೂರು ದಿನಕ್ಕಾಗಿ ಅವರು ವರ್ಷವಿಡೀ ಯಾಕೆ ಕಾಯುತ್ತಾರೆ ಎಂದು ನಿಮಗೇ ತಿಳಿಯುತ್ತದೆ. ಹೊರನಾಡಿನ ಅನ್ನಪೂರ್ಣೇಶ್ವರಿಯನ್ನು ಅವರು ನೋಡಿ ಬರಲಿ, ಪ್ರಸಾದ ನಿಮಗೆ ತರಲಿ. ನಿಮ್ಮದು ಮನೆ ಒಡೆಯುವ ಮಾತಲ್ಲ.

ಮಾವನ ಹತ್ತಿರ ಹೋಗುವಾಗ ಒಬ್ಬರೇ ಹೋಗಬೇಡಿ, ಮಗಳನ್ನು ಜೊತೆಗೆ ಕರೆದುಕೊಳ್ಳಿ. ಪೀಪಿಯ ಕಥೆಯನ್ನು ಅವಳೇ ಹೇಳಲಿ. ಅಂಗಳದಲ್ಲಿ ತೆಂಗಿನ ಮರ ಇದ್ದರೆ ಒಂದು ಹಸಿ ಗರಿ ಅವಳ ಕೈಯಲ್ಲಿರಲಿ.