ಜಪಾನಿ ಶೈಲಿಯ ಎಳ್ಳಿನ ಸಲಾಡ್ ಡ್ರೆಸಿಂಗನ್ನು ದಾವಣಗೆರೆಯಲ್ಲಿ ಸಿಗುವ ಸಾಮಾನಿನಿಂದ ಮನೆಯಲ್ಲೇ ಮಾಡಬಹುದೇ?

ಖಂಡಿತ ಮಾಡಬಹುದು, ಮೊಟ್ಟೆಯಿಲ್ಲದೆಯೂ ಮಾಡಬಹುದು. ನಾನೂ ದಾವಣಗೆರೆಯಲ್ಲೇ ಇರುವುದರಿಂದ ಮತ್ತು ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರು ಯಾರೂ ಇಲ್ಲದಿರುವುದರಿಂದ ಈ ಡ್ರೆಸಿಂಗನ್ನು ಇಲ್ಲಿನ ಸಾಮಾನಿನಲ್ಲೇ ಮಾಡುತ್ತ ಬಂದಿದ್ದೇನೆ. ಬೆಂಗಳೂರಿನ ಹೋಟೆಲಿನಲ್ಲಿ ತಿಂದ ರುಚಿಗಾಗಿ ಸೋಯಾ ಸಾಸ್, ವಿನೆಗರ್ ಮತ್ತು ಸಕ್ಕರೆಗೆ ಹುರಿದ ಎಳ್ಳನ್ನೂ ಗಾಣದ ಎಳ್ಳೆಣ್ಣೆಯನ್ನೂ ಬೆರೆಸಿದಿರಿ, ಆ ಘಮ ಬರಲಿಲ್ಲ, ಮೇಲಾಗಿ ಸ್ವಲ್ಪ ಕಹಿಯಾಯಿತು ಎಂದು ಬರೆದಿದ್ದೀರಿ. ಈ ಡ್ರೆಸಿಂಗಿಗೆ ಘಮ ಕೊಡುವುದು ಆಗತಾನೆ ಹುರಿದು ಅರೆದ ಎಳ್ಳು. ಎಣ್ಣೆಯ ಪಾಲು ಒಂದು ಟೀ ಚಮಚದಷ್ಟು ಮಾತ್ರ. ಆದ್ದರಿಂದ ನಿಮ್ಮ ಗಮನವೆಲ್ಲ ಬಾಣಲೆಯ ಮೇಲಿರಲಿ.

ಎಣ್ಣೆಯ ವಿಷಯವನ್ನು ಮೊದಲು ಮುಗಿಸುತ್ತೇನೆ. ನಮ್ಮ ಗಾಣಗಳಲ್ಲಿ ಎಳ್ಳನ್ನು ಹುರಿಯದೆ ಹಸಿಯಾಗಿಯೇ ಅರೆಯುತ್ತಾರೆ. ಅದಕ್ಕಾಗಿಯೇ ಆ ಎಣ್ಣೆ ತಿಳಿ ಹಳದಿಯಾಗಿರುತ್ತದೆ, ಉಪ್ಪಿನಕಾಯಿಗೂ ದೋಸೆಗೂ ಚೆನ್ನಾಗಿ ಹೊಂದುತ್ತದೆ. ಜಪಾನಿನಲ್ಲಿ ಇಂಥ ಅಡುಗೆಗೆ ಬಳಸುವ ಎಣ್ಣೆಯನ್ನು ಚೆನ್ನಾಗಿ ಹುರಿದ ಎಳ್ಳಿನಿಂದ ತೆಗೆಯುತ್ತಾರೆ. ಅದರ ಬಣ್ಣ ಕಂದು, ವಾಸನೆ ತೀಕ್ಷ್ಣ, ಕೆಲವು ಹನಿಗಳೇ ಸಾಕಾಗುತ್ತವೆ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಫಲ ಬೇರೆಯೇ ಆಗುತ್ತದೆ. ಹುರಿದ ಎಳ್ಳಿನ ಎಣ್ಣೆ ಇಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಚಿಕ್ಕ ಬಾಟಲಿಯೊಂದನ್ನು ತರಿಸಿಕೊಳ್ಳಿ. ಅದೂ ಬೇಡವೆಂದರೆ ಎರಡು ಟೀ ಚಮಚ ಗಾಣದ ಎಣ್ಣೆಯಲ್ಲಿ ಒಂದು ಟೀ ಚಮಚ ಎಳ್ಳನ್ನು ಬಹಳ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವವರೆಗೆ ಕಾಯಿಸಿ, ಆರಿಸಿ, ಎಳ್ಳಿನ ಸಮೇತ ಅರೆದು ಬಳಸಬಹುದು.

ಎಳ್ಳನ್ನು ಮಂಡಿಪೇಟೆಯ ಯಾವುದೇ ಕಿರಾಣಿ ಅಂಗಡಿಯಲ್ಲಿ ಕೊಳ್ಳಬಹುದು, ಆದರೆ ಕೊಳ್ಳುವ ಮುನ್ನ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಿ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ನಮ್ಮ ಬೇಸಿಗೆಯಲ್ಲಿ ಚೀಲದಲ್ಲೇ ಬಹಳ ದಿನ ಉಳಿದ ಸರಕು ಕಮಟು ಹಿಡಿದಿರುತ್ತದೆ, ಮತ್ತು ಹುರಿದರೆ ಆ ಕಮಟು ಹೋಗುವುದಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಅಂಗಡಿಗಳಲ್ಲಿ ಎಳ್ಳು ಬೇಗ ಬೇಗ ಖರ್ಚಾಗುವುದರಿಂದ ಆಗ ಹೊಸ ಸರಕು ಸಿಗುವ ಸಂಭವ ಹೆಚ್ಚು. ಸಿಪ್ಪೆ ತೆಗೆದ ಬಿಳಿ ಎಳ್ಳನ್ನೇ ಕೇಳಿ. ಎಳ್ಳಿನ ಸಿಪ್ಪೆಯಲ್ಲಿ ಆಕ್ಸಲೇಟ್ ಅಂಶವಿದ್ದು ಅದು ತುಸು ಕಹಿ. ನಿಮಗೆ ಬಂದ ಕಹಿಗೆ ಸಿಪ್ಪೆಯಿರುವ ಎಳ್ಳು, ಹಳೆಯ ಎಣ್ಣೆ, ಅತಿಯಾದ ಹುರಿತ ಈ ಮೂರರಲ್ಲಿ ಒಂದು ಕಾರಣವಾಗಿರಬೇಕು. ಕರಿ ಎಳ್ಳಿನ ರುಚಿ ಗಾಢವಾದದ್ದೇ, ಆದರೆ ಡ್ರೆಸಿಂಗ್ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಹುರಿಯುವ ಕೆಲಸ. ಇದರಲ್ಲಿ ಆತುರ ಸಲ್ಲದು. 100 ಗ್ರಾಂ ಎಳ್ಳನ್ನು ತೊಳೆದು, ಬಸಿದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿಕೊಂಡು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸುತ್ತಿರಬೇಕು. ಮೊದಲು ಉಳಿದ ತೇವ ಆರಿ ಕಾಳುಗಳು ಒಂದಕ್ಕೊಂದು ಅಂಟುವುದನ್ನು ಬಿಡುತ್ತವೆ. ಅನಂತರ ಚಪ್ಪಟೆಯಾಗಿದ್ದ ಕಾಳು ಉಬ್ಬಿ ದುಂಡಗಾಗುತ್ತದೆ. ಆಮೇಲೆ ಒಂದೊಂದು ಕಾಳು ಚಟ್ ಎಂದು ಸಿಡಿಯಲು ಶುರುವಾಗುತ್ತದೆ. ಎಳ್ಳು ಬೆಲ್ಲಕ್ಕಾದರೆ ನಾವು ಇಲ್ಲಿಗೇ ಇಳಿಸಿಬಿಡುತ್ತೇವೆ. ಈ ಡ್ರೆಸಿಂಗಿಗೆ ಇನ್ನೂ ಸ್ವಲ್ಪ ಮುಂದೆ, ತಿಳಿ ಕಂದು ಬಣ್ಣ ಬರುವವರೆಗೆ ಹೋಗಬೇಕು, ಏಕೆಂದರೆ ಪೈರಜೀನ್ ಮೊದಲಾದ ಘಮದ ಅಂಶಗಳು ಹೆಚ್ಚಾಗಿ ಹುಟ್ಟುವುದು ಈ ಹಂತದಲ್ಲಿ, ಎಳ್ಳಿನ ಪ್ರೋಟೀನ್ ಮತ್ತು ಸಕ್ಕರೆಯ ಅಂಶಗಳು ಶಾಖಕ್ಕೆ ಒಂದರೊಡನೊಂದು ಬೆರೆತಾಗ. ಎರಡು ಬೆರಳುಗಳ ನಡುವೆ ಒಂದು ಕಾಳನ್ನು ಒತ್ತಿದರೆ ಸಲೀಸಾಗಿ ಪುಡಿಯಾಗಿ, ಬೆರಳಿಗೆ ಎಣ್ಣೆಯ ಜಿಡ್ಡೂ ಘಮವೂ ಒಟ್ಟಿಗೆ ಅಂಟಬೇಕು. ಆ ಕ್ಷಣವೇ ಅಗಲವಾದ ತಟ್ಟೆಗೆ ಸುರಿಯಿರಿ; ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಬಾಣಲೆಯ ಬಿಸಿಗೆ ಎಳ್ಳು ಇನ್ನೂ ಹುರಿದುಕೊಂಡು ಕಹಿಯಾಗುತ್ತದೆ.

ಅರೆಯುವುದಕ್ಕೆ ಜಪಾನಿನ ಮನೆಗಳಲ್ಲಿ ಸುರಿಬಾಚಿ ಎಂಬ ಮಣ್ಣಿನ ಬಟ್ಟಲಿರುತ್ತದೆ. ಅದರ ಒಳಮೈಗೆ ಹೊಳಪು ಹಾಕದೆ ಬಾಚಣಿಗೆಯಿಂದ ಗೀರಿದಂಥ ಸಾಲುಗಳನ್ನು ಬಿಟ್ಟಿರುತ್ತಾರೆ, ಮರದ ಒನಕೆಯನ್ನು ಸುತ್ತಲೂ ತಿರುಗಿಸಿದಾಗ ಎಳ್ಳು ಆ ಗೀರುಗಳಿಗೆ ಸಿಕ್ಕಿ ಒಡೆಯುತ್ತದೆ. ನಮ್ಮ ಮನೆಯ ಕಲ್ಲಿನ ಕುಟ್ಟಾಣಿಯಲ್ಲಿ ಈ ಕೆಲಸ ಚೆನ್ನಾಗಿಯೇ ಆಗುತ್ತದೆ, ಆದರೆ ಕುಟ್ಟುವುದಕ್ಕಿಂತ ಒತ್ತಿ ತಿರುಗಿಸಬೇಕು. ಒಡೆಯದ ಕಾಳು ನಾಲಿಗೆಗೆ ರುಚಿಯನ್ನೇ ಕೊಡದೆ ಹಾಗೇ ಹೊಟ್ಟೆಗೆ ಹೋಗಿಬಿಡುತ್ತದೆ. ಹುರಿದ ಎಳ್ಳಿನಲ್ಲಿ ಅರ್ಧವನ್ನು ಹೀಗೆ ತರಿತರಿಯಾಗಿ ಇಟ್ಟುಕೊಳ್ಳಿ. ಉಳಿದರ್ಧವನ್ನು ಪೂರ್ತಿ ಆರಿದ ಮೇಲೆ ಮಿಕ್ಸಿಯ ಚಿಕ್ಕ ಜಾರಿನಲ್ಲಿ, ಎರಡು ಊಟದ ಚಮಚ ಸೂರ್ಯಕಾಂತಿ ಎಣ್ಣೆಯೊಂದಿಗೆ, ನಿಲ್ಲಿಸಿ ನಿಲ್ಲಿಸಿ, ಬದಿಗಂಟಿದ್ದನ್ನು ಕೆಳಗೆಳೆಯುತ್ತ ನುಣ್ಣಗೆ ಅರೆಯಿರಿ.

ಸೋಯಾ ಸಾಸ್ ಕೊಳ್ಳುವಾಗ ಲೇಬಲ್ ಓದಬೇಕು. ಜಪಾನಿನ ಸಾಮಾನ್ಯ ಸೋಯಾ ಸಾಸನ್ನು ಸೋಯಾ ಕಾಳು, ಗೋಧಿ ಮತ್ತು ಉಪ್ಪನ್ನು ತಿಂಗಳುಗಟ್ಟಲೆ ಹುದುಗಿಸಿ ಮಾಡುತ್ತಾರೆ. ಗೋಬಿ ಮಂಚೂರಿಗೆ ಹಾಕುವ ಡಾರ್ಕ್ ಸೋಯಾ ಸಾಸ್‌ಗೆ ಸಾಮಾನ್ಯವಾಗಿ ಕ್ಯಾರಮೆಲ್ ಬಣ್ಣ ಸೇರಿರುತ್ತದೆ ಮತ್ತು ಅದು ಡ್ರೆಸಿಂಗನ್ನು ಕಪ್ಪಾಗಿಸುತ್ತದೆ. ಹುದುಗಿಸಿದ್ದು ಎಂದು ಬರೆದಿರುವ ಲೈಟ್ ಸೋಯಾ ಸಾಸ್ ತನ್ನಿ. ಅದರಲ್ಲಿ ರುಚಿ ಹೆಚ್ಚಿಸುವ ಗ್ಲುಟಮೇಟ್ ಎಂಬ ಅಂಶ ತಾನಾಗಿಯೇ ಇರುವುದರಿಂದ ಪ್ರತ್ಯೇಕವಾಗಿ ಅಜಿನೊಮೊಟೊ ಹಾಕುವ ಅಗತ್ಯವಿಲ್ಲ. ವಿನೆಗರ್‌ಗೂ ಇದೇ ಮಾತು: ಸಿಂಥೆಟಿಕ್ ವಿನೆಗರ್‌ನ ಹುಳಿ ಗಂಟಲಿಗೆ ಚುಚ್ಚುತ್ತದೆ, ಅಕ್ಕಿಯ ವಿನೆಗರ್‌ನದು ಮೃದು. ಅದು ಸಿಗದಿದ್ದರೆ ಸೇಬಿನ ವಿನೆಗರ್‌ಗೆ ಸ್ವಲ್ಪ ನೀರು ಬೆರೆಸಿಕೊಳ್ಳಿ. ನಿಂಬೆಹಣ್ಣನ್ನು ನಾನು ಹಾಕುವುದಿಲ್ಲ, ಅದರ ವಾಸನೆ ಎಳ್ಳನ್ನು ಹಿಂದಕ್ಕೆ ತಳ್ಳುತ್ತದೆ. ಬೆಲ್ಲಕ್ಕೂ ಬೆಳ್ಳುಳ್ಳಿಗೂ ಇದೇ ಕಾರಣಕ್ಕೆ ಇಲ್ಲಿ ಜಾಗವಿಲ್ಲ.

ನಾಲ್ಕು ಜನರಿಗೆ ಎರಡು ಊಟದ ಚಮಚ ಅರೆದ ಎಳ್ಳು, ಎರಡು ಊಟದ ಚಮಚ ತರಿ ಎಳ್ಳು, ಒಂದೂವರೆ ಚಮಚ ಸೋಯಾ ಸಾಸ್, ಒಂದೂವರೆ ಚಮಚ ವಿನೆಗರ್, ಒಂದು ಚಮಚ ಸಕ್ಕರೆ, ಒಂದು ಟೀ ಚಮಚ ಹುರಿದ ಎಳ್ಳಿನ ಎಣ್ಣೆ ಬೇಕಾಗುತ್ತದೆ (ಬರೀ ಚಮಚ ಎಂದಲ್ಲೆಲ್ಲ ಊಟದ ಚಮಚ). ಸಕ್ಕರೆಯನ್ನು ಸೋಯಾ ಸಾಸ್ ಮತ್ತು ವಿನೆಗರ್‌ನಲ್ಲಿ ಕರಗಿಸಿ, ಅದನ್ನು ಅರೆದ ಎಳ್ಳಿಗೆ ಚಮಚ ಚಮಚವಾಗಿ ಸೇರಿಸುತ್ತ ಕದಡಿ. ಮೊದಲ ಚಮಚ ಬಿದ್ದೊಡನೆ ಅದು ಸಡಿಲವಾಗುವ ಬದಲು ರಾಗಿ ಮುದ್ದೆಯ ಹಾಗೆ ಗಟ್ಟಿಯಾಗುತ್ತದೆ. ಇದನ್ನು ಕಂಡು ಅನೇಕರು ಕೆಟ್ಟುಹೋಯಿತೆಂದು ಕೈಬಿಡುತ್ತಾರೆ, ಬಿಡಬೇಡಿ. ಎಣ್ಣೆಯಿಂದ ತುಂಬಿದ ಹಿಟ್ಟಿಗೆ ಸ್ವಲ್ಪವೇ ನೀರಿನಂಶ ಸೇರಿದಾಗ ಎಳ್ಳಿನ ಕಣಗಳು ನೀರು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನೂ ಎರಡು ಮೂರು ಚಮಚ ನೀರು ಹಾಕಿ ಕದಡುತ್ತ ಹೋದರೆ ಇದ್ದಕ್ಕಿದ್ದಂತೆ ಸಡಿಲವಾಗಿ, ಬಣ್ಣ ತಿಳಿಯಾಗಿ, ಕೆನೆಯ ಹದಕ್ಕೆ ಬರುತ್ತದೆ. ಮೊಟ್ಟೆಯಿಲ್ಲದೆ ಆ ದಪ್ಪ ಸಿಗುವುದು ಹೀಗೆ. ತರಿ ಎಳ್ಳು ಮತ್ತು ಎಣ್ಣೆಯನ್ನು ಕೊನೆಯಲ್ಲಿ ಬೆರೆಸಿ. ಉಪ್ಪನ್ನು ರುಚಿ ನೋಡಿದ ಮೇಲಷ್ಟೇ ಯೋಚಿಸಿ, ಸೋಯಾ ಸಾಸ್‌ನಲ್ಲಿ ಅದು ಸಾಕಷ್ಟಿರುತ್ತದೆ.

ಹೋಟೆಲಿನಲ್ಲಿ ನೀವು ತಿಂದದ್ದರಲ್ಲಿ ಬಹುಶಃ ಮೇಯನೇಸ್ ಇತ್ತು. ಜಪಾನಿನಲ್ಲಿ ಕ್ಯೂಪಿ ಕಂಪನಿ 1925ರಲ್ಲಿ ಮೊಟ್ಟೆಯ ಹಳದಿ ಲೋಳೆಯ ಮೇಯನೇಸನ್ನು ಮಾರಾಟಕ್ಕೆ ತಂದಿತು, ಇಂದಿನ ಕೆನೆಯಂಥ ಎಳ್ಳಿನ ಡ್ರೆಸಿಂಗುಗಳಲ್ಲಿ ಅನೇಕವು ಆ ರುಚಿಯ ದಾರಿಯಲ್ಲೇ ಇವೆ. ನಿಮಗೆ ಅದೇ ಬೇಕಿದ್ದರೆ ಅರೆದ ಎಳ್ಳಿನ ಬದಲು ಮೂರು ಚಮಚ ಮೊಟ್ಟೆರಹಿತ ಮೇಯನೇಸ್ ಹಾಕಿ, ಸೋಯಾ ಸಾಸ್ ಮತ್ತು ವಿನೆಗರನ್ನು ಒಂದೊಂದು ಚಮಚಕ್ಕೆ ಇಳಿಸಿ, ನೀರು ಬಿಟ್ಟುಬಿಡಿ. ಇಲ್ಲಿ ಸಿಗುವ ಮೊಟ್ಟೆರಹಿತ ಮೇಯನೇಸುಗಳು ಸಾಮಾನ್ಯವಾಗಿ ಸಿಹಿಯಾಗಿರುವುದರಿಂದ ಸಕ್ಕರೆಯನ್ನೂ ಅರ್ಧ ಮಾಡಬೇಕಾಗುತ್ತದೆ. ನನಗೆ ಎಳ್ಳಿನದೇ ಹೆಚ್ಚು ಇಷ್ಟ.

ತರಕಾರಿಯಲ್ಲಿ ಎಲೆಕೋಸು, ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ, ಗೆಣಸು ಇದಕ್ಕೆ ಹೊಂದುತ್ತವೆ. ರೊಟ್ಟಿ ಊಟದ ಜೊತೆ ಕೊಡುವ ಹಸಿ ಮೆಂತ್ಯ ಸೊಪ್ಪಿಗೆ ಗುರೆಳ್ಳು ಪುಡಿಯೇ ಸರಿ, ಈ ಸಿಹಿ ಹುಳಿ ಅದಕ್ಕೆ ಒಗ್ಗುವುದಿಲ್ಲ. ಎಲೆಕೋಸನ್ನು ಕೂದಲೆಳೆಯಂತೆ ಹೆಚ್ಚಿ ತಣ್ಣೀರಿನಲ್ಲಿ ಹತ್ತು ನಿಮಿಷವಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ; ನೀರು ಉಳಿದರೆ ಡ್ರೆಸಿಂಗ್ ಎಲೆಗೆ ಅಂಟದೆ ತಳ ಸೇರುತ್ತದೆ. ಮಿಕ್ಕ ತರಿ ಎಳ್ಳಿನಿಂದ ಗೋಮಾ ಆಯೆ ಮಾಡಿ ನೋಡಿ: ಪಾಲಕ್ ಸೊಪ್ಪನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ತಣ್ಣೀರಿಗೆ ಹಾಕಿ, ಗಟ್ಟಿಯಾಗಿ ಹಿಂಡಿ, ತರಿ ಎಳ್ಳು, ಸೋಯಾ ಸಾಸ್ ಮತ್ತು ಚಿಟಿಕೆ ಸಕ್ಕರೆಯಲ್ಲಿ ಕಲಸುವುದು, ಅಷ್ಟೇ. ಅದಕ್ಕೆ ವಿನೆಗರೂ ಬೇಡ, ಮೇಯನೇಸೂ ಬೇಡ.

ಎಷ್ಟು ದಿನ ಇಡಬಹುದೆಂದು ಕೇಳಿದ್ದೀರಿ. ಮೇಯನೇಸ್ ಇಲ್ಲದ್ದನ್ನು ಒಣಗಿದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಐದಾರು ದಿನ, ಮೇಯನೇಸ್ ಇರುವುದನ್ನು ಮೂರು ದಿನ ಇಡಬಹುದು. ಆದರೆ ಎರಡನೆಯ ದಿನದಿಂದಲೇ ಘಮ ತಗ್ಗುತ್ತದೆ. ಆದ್ದರಿಂದ ಹುರಿದ ಎಳ್ಳನ್ನು ಇಡಿಯಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನೇ ಆಗಾಗ ಅರೆದುಕೊಳ್ಳುವುದು ಒಳ್ಳೆಯದು. ಫ್ರಿಜ್ಜಿನಲ್ಲಿ ಗಟ್ಟಿಯಾದದ್ದಕ್ಕೆ ಬಡಿಸುವ ಮುನ್ನ ಒಂದು ಚಮಚ ನೀರು ಹಾಕಿ ಕದಡಿದರೆ ಮೊದಲಿನ ಹದಕ್ಕೆ ಬರುತ್ತದೆ.