‘ಇದು’ ಎಲ್ಲಿ ಮುಗಿಯುತ್ತದೆ, ‘ಅದು’ ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ಮಾನ್ಯರೇ, ನಾನು ಗದಗ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಮೂರನೆಯ ತರಗತಿಯ ಮಕ್ಕಳಿಗೆ ‘ಇದು, ಅದು, ಇವು, ಅವು’ಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಆದರೂ ಚಿತ್ರ ತೋರಿಸಿ ಕೇಳಿದರೆ ಎಲ್ಲದಕ್ಕೂ ‘ಇದು’ ಎನ್ನುತ್ತಾರೆ. ‘ಇದು ಹೂಗಳು’, ‘ಇವು ಪುಸ್ತಕಗಳು ನನ್ನವು’ ಎಂದು ಬರೆಯುತ್ತಾರೆ. ಇಂಗ್ಲಿಷಿನ ದಿಸ್, ದಟ್ ಕೂಡ ಜೊತೆಗೇ ನಡೆದಿದೆ. ಹೇಗೆ ತಿದ್ದಲಿ?

ಉತ್ತರ: ಚಿತ್ರಕ್ಕೆ ‘ಇದು’ ಎಂದ ಮಕ್ಕಳನ್ನು ದಯವಿಟ್ಟು ತಿದ್ದಬೇಡಿ, ಅವರು ಹೇಳಿದ್ದು ಸರಿಯಾಗಿಯೇ ಇದೆ. ಪುಟದ ಮೇಲೆ ದೂರದ ಬೆಟ್ಟವೂ ಹತ್ತಿರದ ಹಸುವೂ ಮಗುವಿನ ಬೆರಳಿಗೆ ಒಂದೇ ಗೇಣಿನಲ್ಲಿರುತ್ತವೆ. ‘ಹಸು’ ಎಂಬ ಪದವನ್ನು ಯಾರು ಎಲ್ಲಿ ನಿಂತು ಹೇಳಿದರೂ ಹಸು ಹಸುವೇ. ‘ಇದು’, ‘ಅದು’ಗಳು ಮಾತ್ರ ಹೇಳುವವರು ನಿಂತ ಜಾಗಕ್ಕೆ ತಕ್ಕಂತೆ ಬದಲಾಗುತ್ತವೆ. ಹಾಗಾಗಿ ಈ ಪಾಠವನ್ನು ಕೂತಲ್ಲೇ ಮುಗಿಸಲಾಗದು, ಮಕ್ಕಳು ಎದ್ದು ಓಡಾಡಬೇಕು.

ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಇಬ್ಬರು ಮಕ್ಕಳನ್ನು ಕೋಣೆಯ ಎರಡು ಗೋಡೆಗಳ ಬಳಿ ನಿಲ್ಲಿಸಿ, ಒಬ್ಬರ ಕಾಲಬಳಿ ಸ್ಲೇಟೊಂದನ್ನು ಇಡುತ್ತಿದ್ದೆ. ಅಲ್ಲಿದ್ದ ಮಗು ಅದನ್ನು ಮುಟ್ಟಿ ‘ಇದು ಸ್ಲೇಟು’ ಎನ್ನಬೇಕು, ಎದುರಿನ ಮಗು ಕೈಚಾಚಿ ‘ಅದು ಸ್ಲೇಟು’ ಎನ್ನಬೇಕು. ಆಮೇಲೆ ಸ್ಲೇಟನ್ನು ಕದಲಿಸದೆ ಮಕ್ಕಳಷ್ಟೇ ಜಾಗ ಬದಲಿಸಬೇಕು. ಒಮ್ಮೆ ಒಬ್ಬ ಹುಡುಗಿ ಸ್ಲೇಟಿನ ಬಳಿ ಬಂದ ಮೇಲೂ ‘ಅದು’ ಎಂದಳು, ಕಾಲಬಳಿ ನೋಡಿಕೊಂಡು ‘ಇದು’ ಎಂದಳು, ಮತ್ತೆ ಅರ್ಧ ಕೋಣೆ ಹಿಂದಕ್ಕೆ ಓಡಿ ನಡುವೆ ನಿಂತು, “ಇಲ್ಲಿ ನಿಂತ್ರ ಏನನ್ಬೇಕ್ರಿ?” ಎಂದು ಕೇಳಿದಳು. ಆ ಪ್ರಶ್ನೆಗೆ ಹಳಗನ್ನಡದಲ್ಲಿ ಉತ್ತರವಿತ್ತು. ತೀರ ಹತ್ತಿರವೂ ಅಲ್ಲದ, ದೂರವೂ ಅಲ್ಲದ ನಡುವಿನದನ್ನು ತೋರಿಸಲು ‘ಉದು’, ‘ಉವಂ’ ಎಂಬ ರೂಪಗಳು ಬಳಕೆಯಲ್ಲಿದ್ದವು. ಹೊಸಗನ್ನಡ ಅವನ್ನು ಕೈಬಿಟ್ಟಿತು. ಶ್ರೀಲಂಕೆಯ ಜಾಫ್ನಾದ ತಮಿಳರು ಅಂಥ ರೂಪಗಳನ್ನು ಇಂದಿಗೂ ಆಡುತ್ತಾರೆ. ಈಗ ನಮಗಿರುವುದು ಎರಡೇ ಆದ್ದರಿಂದ ನಡುವೆ ನಿಂತವರು ತಮಗೆ ತೋಚಿದ್ದನ್ನು ಹೇಳಬಹುದು, ಯಾವುದೂ ತಪ್ಪಲ್ಲ.

ಇನ್ನು ‘ಇದು ಹೂಗಳು’ ಎಂಬ ಬರಹದ ವಿಷಯ. ಮಾತಿನಲ್ಲಿ ವಸ್ತುಗಳಿಗೆ ನಾವು ‘ಗಳು’ ಹಚ್ಚುವುದು ಕಡಿಮೆ, ಆದರೆ ಮಕ್ಕಳಿಗೆ ಒಂದು-ಹಲವುಗಳ ಭೇದ ಗೊತ್ತಿಲ್ಲವೆಂದಲ್ಲ. ನಿಮ್ಮ ಕಡೆಯ ಮಗು ಒಂದು ಎಮ್ಮೆಗೆ ‘ಎಮ್ಮಿ ಬಂತು’ ಎನ್ನುತ್ತದೆ, ನಾಲ್ಕಿದ್ದರೆ ತಡವರಿಸದೆ ‘ಎಮ್ಮಿ ಬಂದ್ವು’ ಎನ್ನುತ್ತದೆ. ‘ಬಂತು’ ಎಂದಲ್ಲಿ ‘ಅದು’, ‘ಬಂದ್ವು’ ಎಂದಲ್ಲಿ ‘ಅವು’ ಎಂದು ಜೋಡಿಸಿಕೊಡಿ. ಮನೆಯ ಮಾತೇ ಬರಹಕ್ಕೆ ದಾರಿ ತೋರಿಸುತ್ತದೆ. ‘ಅಂವ’, ‘ಅಕಿ’, ‘ಇಕಿ’ ಎನ್ನುವ ಮಕ್ಕಳ ಬಾಯನ್ನೂ ಮುಚ್ಚಿಸಬೇಡಿ. ಅವುಗಳಲ್ಲೂ ದೂರಕ್ಕೆ ಅಕಾರ, ಹತ್ತಿರಕ್ಕೆ ಇಕಾರ ಎಂಬ ಅದೇ ಕಟ್ಟಳೆ ಇದೆ.

‘ಇವು ಪುಸ್ತಕಗಳು ನನ್ನವು’ ಎಂಬಲ್ಲಿ ತೊಡಕು ಬೇರೆ, ಅದಕ್ಕೆ ಇಂಗ್ಲಿಷಿನ ಪಾಠವೂ ಕಾರಣವಾಗಿರಬಹುದು. ಇಂಗ್ಲಿಷಿನಲ್ಲಿ ದಿಸ್ ಎಂಬುದು ಒಂಟಿಯಾಗಿ ಬಂದರೂ ನಾಮಪದದ ಮುಂದೆ ಬಂದರೂ ದಿಸ್ಸೇ, ಬಹುವಚನವಾದರೆ ಎರಡು ಕಡೆಯೂ ದೀಸ್. ಕನ್ನಡದಲ್ಲಿ ‘ಇದು’, ‘ಇವು’ ತಾವೇ ನಿಲ್ಲುವ ಪದಗಳು. ನಾಮಪದಕ್ಕೆ ಅಂಟಿ ಬರುವಾಗ ಎರಡೂ ‘ಈ’ ಆಗುತ್ತವೆ. ಗಮಕ ಸಮಾಸದಲ್ಲಿ ‘ಇದು + ಮನೆ = ಈ ಮನೆ’ ಎಂದು ಬಿಡಿಸುವುದು ನಿಮಗೆ ನೆನಪಿರಬಹುದು. ಈ ‘ಈ’ಗೆ ವಚನವೂ ಇಲ್ಲ, ಲಿಂಗವೂ ಇಲ್ಲ: ಈ ಹುಡುಗ, ಈ ಹುಡುಗಿ, ಈ ಪುಸ್ತಕಗಳು. ಒಂದು ಹಿಡಿ ಹುಣಸೆಬೀಜ ತಂದು, ‘ಇವು ಬೀಜಗಳು’ ಎಂದ ಬೆನ್ನಿಗೇ ‘ಈ ಬೀಜಗಳನ್ನು ಎಣಿಸು’ ಎಂದು ಹೇಳಿಸಿ. ಸಾಧ್ಯವಾದರೆ ಇದು ಮಕ್ಕಳ ಮನಸ್ಸಿನಲ್ಲಿ ಕೂತ ಮೇಲೆಯೇ ಇಂಗ್ಲಿಷಿನದನ್ನು ಮುಂದುವರಿಸಿ.

ಬರೆಸುವಾಗ ಒಂದು ಎಚ್ಚರಿಕೆ ಇರಲಿ. ‘ಇವನು’ ಹುಡುಗ, ‘ಇವನ್ನು’ ವಸ್ತುಗಳನ್ನು, ‘ಇವನನ್ನು’ ಮತ್ತೆ ಹುಡುಗನನ್ನು. ಒಂದು ಒತ್ತಕ್ಷರಕ್ಕೆ ಅರ್ಥವೇ ಬದಲಾಗುವುದರಿಂದ ಈ ಮೂರನ್ನೂ ಒಂದೇ ದಿನ ಉಕ್ತಲೇಖನಕ್ಕೆ ಕೊಡಬೇಡಿ.

ಪ್ರಶ್ನೆ: ಎರಡನೆಯ ತರಗತಿಯ ನನ್ನ ಮಗಳು ಎಳೆಯ ತಮ್ಮನ ಬಗ್ಗೆ ‘ಮಗು ಅಳುತ್ತಿದೆ, ಅದಕ್ಕೆ ಹಸಿವು’ ಎಂದು ಬರೆದಿದ್ದಳು. ಶಾಲೆಯಲ್ಲಿ ‘ಅವನಿಗೆ’ ಎಂದು ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ಯಾವುದು ಸರಿ?

ಉತ್ತರ: ನಿಮ್ಮ ಮಗಳು ಬರೆದದ್ದೇ ಸರಿ. ಮಗು, ಕೂಸು, ಶಿಶು ಎಂಬ ಪದಗಳು ಕನ್ನಡ ವ್ಯಾಕರಣದಲ್ಲಿ ನಪುಂಸಕಲಿಂಗದವು. ಅದರಲ್ಲಿ ಮಗುವಿಗೆ ಯಾವ ಅವಮಾನವೂ ಇಲ್ಲ. ‘ತಮ್ಮ ಅಳುತ್ತಿದ್ದಾನೆ’ ಎಂದು ಆರಂಭಿಸಿದ್ದರೆ ಆಗ ‘ಅವನಿಗೆ ಹಸಿವು’ ಎನ್ನಬೇಕಾಗುತ್ತಿತ್ತು.